ಗೆರೆ ಏರಿದ್ದು ನೀರಿನಿಂದಲಾ, ಚಾರ್ಟಿನಿಂದಲಾ?

ಮಳೆಗಾಲ ಶುರುವಾಯಿತೆಂದರೆ ಮಂಡ್ಯ, ಮೈಸೂರು ಕಡೆಯವರು ಪೇಪರ್‌ನಲ್ಲಿ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಗರಿಷ್ಠ 124.80 ಅಡಿ, ಇವತ್ತು ಇಷ್ಟು ಅಡಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ನಾಲೆಗೆ ನೀರು ಬಿಡುತ್ತಾರಾ, ಭತ್ತದ ನಾಟಿಗೆ ಇಳಿಯಬಹುದಾ, ಊರಿಗೆ ಕುಡಿಯುವ ನೀರು ಸಾಲುತ್ತಾ, ಎಲ್ಲವೂ ಆ ಸಂಖ್ಯೆಯ ಮೇಲೆ ನಿಂತಿದೆ.

ಈಗೀಗ ಬರೀ ಸಂಖ್ಯೆ ಓದಿ ಸುಮ್ಮನಾಗುವವರು ಕಡಿಮೆ. ಯಾರೋ ಒಬ್ಬರು ಅದನ್ನೆಲ್ಲ ಎಕ್ಸೆಲ್‌ಗೆ ಹಾಕುತ್ತಾರೆ, ಚಾರ್ಟ್ ಮಾಡುತ್ತಾರೆ, ವಾಟ್ಸಾಪ್ ಗ್ರೂಪಿಗೆ ಬಿಡುತ್ತಾರೆ. ಗೆರೆ ಸರ್ರನೆ ಮೇಲೆ ಹೋಗಿದ್ದರೆ "ಈ ಸಲ ಬೇಗ ತುಂಬುತ್ತೆ" ಅನ್ನುವ ಮಾತು ಹಬ್ಬುತ್ತದೆ. ಸಂಖ್ಯೆಗಳು ಸರಿಯಾಗಿಯೇ ಇರುತ್ತವೆ, ಕೂಡಿಸಿ ಕಳೆದದ್ದೂ ಸರಿಯೇ. ಆದರೂ ಗೆರೆ ಹೇಳುವ ಕತೆ ಉಲ್ಟಾ ಇರಬಹುದು. ಕಾರಣ ಚಿಕ್ಕದು. ಮಟ್ಟ ಬರೆದುಕೊಂಡ ದಿನಗಳ ನಡುವಿನ ಅಂತರ ಒಂದೇ ಸಮ ಇರಲಿಲ್ಲ. ಚಾರ್ಟ್ ಮಾತ್ರ ಅದನ್ನು ಒಂದೇ ಸಮ ಅಂದುಕೊಂಡಿತು.

ಐದು ಸಾಲಿನ ಲೆಕ್ಕ

ಇದು ವಿಷಯ ತಿಳಿಯಲೆಂದು ಕಟ್ಟಿದ ಉದಾಹರಣೆ, ಯಾವ ವರ್ಷದ ನಿಜವಾದ ಅಂಕಿಯೂ ಅಲ್ಲ. ಒಬ್ಬರು ಮಟ್ಟ ಬರೆದುಕೊಳ್ಳಲು ಶುರು ಮಾಡುತ್ತಾರೆ. ಜುಲೈ 1ಕ್ಕೆ 100 ಅಡಿ. ಜುಲೈ 2ಕ್ಕೆ 101. ಜುಲೈ 3ಕ್ಕೆ 102. ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಜುಲೈ 13ಕ್ಕೆ ಮತ್ತೆ ನೆನಪಾಗಿ ನೋಡಿದರೆ 107. ಅದಾದ ಮೇಲೆ ಆಗಸ್ಟ್ 2ಕ್ಕೆ 113.

ಈ ಐದು ಸಾಲನ್ನು ಸಮಾನ ಅಂತರದಲ್ಲಿ ಇಟ್ಟು ಗೆರೆ ಎಳೆಯಿರಿ. ಮೊದಲ ಹೆಜ್ಜೆ 1 ಅಡಿ ಏರುತ್ತದೆ, ಎರಡನೆಯದೂ 1 ಅಡಿ. ಮೂರನೆಯದು 5 ಅಡಿ, ನಾಲ್ಕನೆಯದು 6 ಅಡಿ. ಗೆರೆ ಹೋಗುತ್ತಾ ಹೋಗುತ್ತಾ ಕಡಿದಾಗುತ್ತದೆ. ನೋಡಿದವರಿಗೆ ಕಟ್ಟೆ ದಿನದಿಂದ ದಿನಕ್ಕೆ ಜೋರಾಗಿ ತುಂಬುತ್ತಿದೆ ಅನ್ನಿಸದೆ ಇರುವುದಿಲ್ಲ.

ಈಗ ದಿನಗಳನ್ನು ಲೆಕ್ಕಕ್ಕೆ ತನ್ನಿ. ಮೊದಲ ಎರಡು ಹೆಜ್ಜೆಯಲ್ಲಿ ದಿನಕ್ಕೆ 1 ಅಡಿ. ಜುಲೈ 3ರಿಂದ 13ಕ್ಕೆ 10 ದಿನ, ಏರಿದ್ದು 5 ಅಡಿ, ಅಂದರೆ ದಿನಕ್ಕೆ ಅರ್ಧ ಅಡಿ. ಜುಲೈ 13ರಿಂದ ಆಗಸ್ಟ್ 2ಕ್ಕೆ 20 ದಿನ, ಏರಿದ್ದು 6 ಅಡಿ, ದಿನಕ್ಕೆ 0.3 ಅಡಿ. ಮಟ್ಟ ಏರುವ ವೇಗ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದಿದೆ! ಚಾರ್ಟ್ ತೋರಿಸಿದ್ದು ವೇಗ ಹೆಚ್ಚಿತು ಅಂತ, ಆಗಿದ್ದು ವೇಗ ಕಡಿಮೆಯಾಯಿತು ಅಂತ.

ಅಗಲದ ಲೆಕ್ಕವನ್ನೂ ಒಮ್ಮೆ ನೋಡಿ. ಒಟ್ಟು ಅವಧಿ 32 ದಿನ. ಅದರಲ್ಲಿ ಮೊದಲ ಮೂರು ಚುಕ್ಕೆಗಳು ಇರುವುದು ಬರೀ 2 ದಿನದ ಒಳಗೆ. ಸರಿಯಾದ ಚಾರ್ಟಿನಲ್ಲಿ ಅವು ಅಗಲದ ಹದಿನಾರನೇ ಒಂದು ಭಾಗದಲ್ಲಿ ಒತ್ತೊತ್ತಾಗಿ ಕೂರಬೇಕು. ಸಮಾನ ಅಂತರದ ಚಾರ್ಟಿನಲ್ಲಿ ಅರ್ಧ ಅಗಲವನ್ನು ಅವೇ ಹಿಡಿದುಕೊಂಡಿರುತ್ತವೆ.

ಗೆರೆಯಲ್ಲಿ ನಮ್ಮ ಕಣ್ಣು ಓದುವುದು ಎತ್ತರಕ್ಕಿಂತ ಜಾಸ್ತಿ ಏರನ್ನು. ಏರು ಅಂದರೆ ಇಷ್ಟು ದಿನಕ್ಕೆ ಇಷ್ಟು ಅಡಿ. ದಿನದ ಅಗಲ ತಪ್ಪಿದರೆ ಏರೂ ತಪ್ಪಿತು.

ಅಂದ ಹಾಗೆ, ಅಡಿ ಏರುವುದು ನಿಧಾನವಾಯಿತು ಅಂದ ಕೂಡಲೆ ಕೊಡಗಿನಲ್ಲಿ ಮಳೆ ಕಡಿಮೆಯಾಯಿತು ಅನ್ನುವ ಹಾಗೂ ಇಲ್ಲ. ಕಟ್ಟೆಯ ಹಿನ್ನೀರು ಮೇಲೆ ಮೇಲೆ ಹೋದಂತೆ ಅಗಲವಾಗುತ್ತದೆ. ತಳದ ಒಂದು ಅಡಿಗೆ ಬೇಕಾದ ನೀರಿಗಿಂತ ಮೇಲಿನ ಒಂದು ಅಡಿಗೆ ಬೇಕಾದ ನೀರು ಎಷ್ಟೋ ಹೆಚ್ಚು. 124.80 ಅಡಿಗೆ ಸುಮಾರು 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಅನ್ನುವ ಲೆಕ್ಕ ಎಲ್ಲರಿಗೂ ಗೊತ್ತು, ಆದರೆ ಅರ್ಧ ಎತ್ತರಕ್ಕೆ ಅದರ ಅರ್ಧದಷ್ಟು ನೀರು ಇರುವುದಿಲ್ಲ. ಎಷ್ಟು ನೀರು ಬಂತು ಅಂತ ತಿಳಿಯಬೇಕಿದ್ದರೆ ಟಿಎಂಸಿಯನ್ನೇ ಚಾರ್ಟಿಗೆ ಹಾಕುವುದು ಮೇಲು.

ಹೆಸರಾ, ಅಳತೆಯಾ?

ಚಾರ್ಟಿನ ಕೆಳಗಡೆ ಅಡ್ಡಕ್ಕೆ ಇರುವ ಗೆರೆಗೆ ಅಡ್ಡ ಅಕ್ಷ ಅನ್ನುತ್ತಾರೆ, ಎಕ್ಸ್ ಅಕ್ಷ ಅಂತಲೂ. ಅದರ ಮೇಲೆ ಏನಿದೆ ಅನ್ನುವುದನ್ನು ಎಕ್ಸೆಲ್ ಎರಡು ಥರ ಅರ್ಥ ಮಾಡಿಕೊಳ್ಳಬಲ್ಲದು.

ಒಂದು, ಅಲ್ಲಿರುವುದು ಹೆಸರುಗಳು. ಎರಡು, ಅಲ್ಲಿರುವುದು ಅಳತೆಗಳು.

ಮೈಸೂರಿನಿಂದ ಹೊರಡುವ ಬಸ್ಸಿನ ಬೋರ್ಡು ನೋಡಿ. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಅಂತ ಸಾಲಾಗಿ ಬರೆದಿರುತ್ತದೆ. ಬೋರ್ಡಿನ ಮೇಲೆ ಎಲ್ಲ ಊರಿನ ನಡುವೆಯೂ ಅಷ್ಟೇ ಜಾಗ. ರಸ್ತೆಯಲ್ಲಿ ಹಾಗಿಲ್ಲ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರ್, ಅಲ್ಲಿಂದ ಮಂಡ್ಯಕ್ಕೆ ಹೆಚ್ಚೂಕಡಿಮೆ ಅದರ ಎರಡರಷ್ಟು. ಬೋರ್ಡಿಗೆ ಊರಿನ ಸರದಿ ಗೊತ್ತು, ದೂರ ಗೊತ್ತಿಲ್ಲ. ದೂರ ಗೊತ್ತಿರುವುದು ರಸ್ತೆ ಬದಿಯ ಮೈಲಿಗಲ್ಲಿಗೆ.

ಲೈನ್ ಚಾರ್ಟ್ ಮೂಲತಃ ಆ ಬೋರ್ಡಿನ ಜಾತಿಯದು. ಮೊದಲ ಸಾಲು, ಎರಡನೇ ಸಾಲು, ಮೂರನೇ ಸಾಲು ಅಂತ ಎಣಿಸುತ್ತದೆ, ಪ್ರತಿಯೊಂದಕ್ಕೂ ಒಂದೇ ಅಗಲ ಕೊಡುತ್ತದೆ. ಸ್ಕ್ಯಾಟರ್ ಚಾರ್ಟ್ ಮೈಲಿಗಲ್ಲಿನ ಜಾತಿ. ಅಡ್ಡಕ್ಕೂ ಅಳೆಯುತ್ತದೆ, ಉದ್ದಕ್ಕೂ ಅಳೆಯುತ್ತದೆ.

ಹೆಸರಿನಿಂದ, ಐಕಾನ್‌ನಿಂದ ಮೋಸ ಹೋಗುವುದು ಇಲ್ಲೇ. ಸ್ಕ್ಯಾಟರ್ ಅಂದರೆ ಚುಕ್ಕೆ ಚೆಲ್ಲಿದ ಚಿತ್ರ, ಗೆರೆ ಬೇಕಿದ್ದರೆ ಲೈನ್ ಚಾರ್ಟೇ ಬೇಕು ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಎಕ್ಸೆಲ್‌ನ ಸ್ಕ್ಯಾಟರ್‌ನಲ್ಲೂ ಗೆರೆ ಎಳೆಯಬಹುದು. ಎರಡರ ನಡುವಿನ ನಿಜವಾದ ವ್ಯತ್ಯಾಸ ಇರುವುದು ಅಡ್ಡ ಅಕ್ಷದಲ್ಲಿ.

ಸ್ಕ್ಯಾಟರ್ ಮಾಡುವ ಬಗೆ

ಎಡಗಡೆಯ ಕಾಲಮ್ಮಿನಲ್ಲಿ ತಾರೀಖು, ಅದರ ಬಲಕ್ಕೆ ಮಟ್ಟ. ಎರಡನ್ನೂ ಸೆಲೆಕ್ಟ್ ಮಾಡಿ. ಮೇಲಿನ ಪಟ್ಟಿಯಲ್ಲಿ ಇನ್ಸರ್ಟ್ ಒತ್ತಿ, ಚಾರ್ಟ್‌ಗಳ ಗುಂಪಿನಲ್ಲಿ ಸ್ಕ್ಯಾಟರ್ ತೆರೆಯಿರಿ. ಅಲ್ಲಿ ಐದು ನಮೂನೆ ಇರುತ್ತವೆ. "ಸ್ಕ್ಯಾಟರ್ ವಿತ್ ಸ್ಟ್ರೈಟ್ ಲೈನ್ಸ್ ಅಂಡ್ ಮಾರ್ಕರ್ಸ್" ಆರಿಸಿ. ಅಂದರೆ ನೇರ ಗೆರೆಯೂ ಇರಬೇಕು, ಚುಕ್ಕೆಯೂ ಕಾಣಬೇಕು.

ಚುಕ್ಕೆ ಯಾಕೆ ಬೇಕು? ನಾವು ನಿಜವಾಗಿ ನೋಡಿ ಬರೆದದ್ದು ಚುಕ್ಕೆಯನ್ನು ಮಾತ್ರ. ಜುಲೈ 13ಕ್ಕೂ ಆಗಸ್ಟ್ 2ಕ್ಕೂ ನಡುವಿನ ಗೆರೆ ಕಂಪ್ಯೂಟರ್ ಎಳೆದದ್ದು. ಆ ಇಪ್ಪತ್ತು ದಿನದಲ್ಲಿ ನೀರು ಏರಿ, ಇಳಿದು, ಮತ್ತೆ ಏರಿದ್ದರೂ ಗೆರೆಗೆ ಗೊತ್ತಾಗುವುದಿಲ್ಲ. ಚುಕ್ಕೆ ಕಾಣುತ್ತಿದ್ದರೆ ಎಲ್ಲಿ ಮಾಹಿತಿ ಇದೆ, ಎಲ್ಲಿ ಬರೀ ಊಹೆ ಇದೆ ಅಂತ ನೋಡುವವರಿಗೆ ತಿಳಿಯುತ್ತದೆ.

ಪಕ್ಕದಲ್ಲೇ ನುಣುಪಾದ ಬಾಗು ಗೆರೆಯ ನಮೂನೆಯೂ ಇದೆ. ನೋಡಲು ಚೆನ್ನ, ಆದರೆ ಇಂಥ ಲೆಕ್ಕಕ್ಕೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಬಾಗುವ ಭರದಲ್ಲಿ ಆ ಗೆರೆ ಚುಕ್ಕೆಗಳ ಮೇಲಕ್ಕೋ ಕೆಳಕ್ಕೋ ಉಬ್ಬುತ್ತದೆ. ಕಟ್ಟೆ ತುಂಬಿ 124.80ರಲ್ಲಿ ನಿಂತಿರುವಾಗ ನಿಮ್ಮ ಚಾರ್ಟಿನ ಗೆರೆ 125 ದಾಟಿದ್ದನ್ನು ಕಂಡರೆ ಗಾಬರಿಯಾಗುವುದು ಬೇಡ, ಅದು ಬಾಗು ಗೆರೆಯ ಕೆಲಸ.

ಇನ್ನೊಂದು ವಿಷಯ ನೆನಪಿರಲಿ. ಸ್ಕ್ಯಾಟರ್ ಚುಕ್ಕೆಗಳನ್ನು ಜೋಡಿಸುವುದು ಶೀಟಿನಲ್ಲಿ ಸಾಲುಗಳು ಇರುವ ಸರದಿಯಲ್ಲಿ, ತಾರೀಖಿನ ಸರದಿಯಲ್ಲಲ್ಲ. ಹಳೆಯ ದಿನದ ಮಟ್ಟ ಆಮೇಲೆ ಸಿಕ್ಕಿತೆಂದು ಕೊನೆಯ ಸಾಲಿನಲ್ಲಿ ಸೇರಿಸಿದರೆ ಗೆರೆ ಹಿಂದಕ್ಕೆ ಓಡಿ ಬಂದು ಗೋಜಲಾಗುತ್ತದೆ. ಚಾರ್ಟ್ ಮಾಡುವ ಮುಂಚೆ ತಾರೀಖಿನ ಪ್ರಕಾರ ಸಾರ್ಟ್ ಮಾಡಿದರೆ ಮುಗಿಯಿತು.

ಅಡ್ಡ ಅಕ್ಷದ ಕೆಳಗೆ ತಾರೀಖುಗಳು ಎಲ್ಲೆಲ್ಲೋ ಬೀಳುವುದು ಸ್ಕ್ಯಾಟರ್‌ನ ಒಂದು ಕಿರಿಕಿರಿ. ನಿಮ್ಮ ಮೊದಲ ಚುಕ್ಕೆ ಜುಲೈ 1 ಆದರೂ ಅಕ್ಷ ಜೂನ್ ಕೊನೆಯಿಂದ ಶುರುವಾಗಬಹುದು. ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋದರೆ ಮಿನಿಮಮ್, ಮ್ಯಾಕ್ಸಿಮಮ್, ಮೇಜರ್ ಯೂನಿಟ್ ಅಂತ ಇರುತ್ತದೆ. ಮೇಜರ್ ಯೂನಿಟ್ 7 ಅಂತ ಕೊಟ್ಟರೆ ವಾರಕ್ಕೊಂದು ಗುರುತು ಬರುತ್ತದೆ. ಮಿನಿಮಮ್‌ನಲ್ಲಿ 45 ಸಾವಿರ ಚಿಲ್ಲರೆ ಅಂತ ಒಂದು ವಿಚಿತ್ರ ಸಂಖ್ಯೆ ಕಾಣುತ್ತದಲ್ವಾ? ಅದು ಏನು ಅಂತ ಮುಂದೆ ನೋಡೋಣ.

ತಾರೀಖು ನಿಜವಾಗಿ ತಾರೀಖೇನಾ?

ಎಕ್ಸೆಲ್ ತಾರೀಖನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅಂದರೆ 1. ಅಲ್ಲಿಂದ ದಿನಕ್ಕೆ ಒಂದರಂತೆ ಎಣಿಸುತ್ತಾ ಬಂದರೆ 2025ರ ಜನವರಿ 1 ಅಂದರೆ 45658. ಗಂಟೆ ನಿಮಿಷ ದಶಾಂಶದಲ್ಲಿ ಇರುತ್ತವೆ: ಬೆಳಗ್ಗೆ 6 ಗಂಟೆಗೆ 0.25, ಮಧ್ಯಾಹ್ನ 12ಕ್ಕೆ 0.5. ನಮಗೆ ಕಾಣುವ ದಿನ, ತಿಂಗಳು, ವರ್ಷ ಎಲ್ಲ ಮೇಲಿನ ಹೊದಿಕೆ. ಒಳಗೆ ಸಂಖ್ಯೆ ಇರುವುದರಿಂದಲೇ ಸ್ಕ್ಯಾಟರ್ ಚಾರ್ಟ್ ತಾರೀಖುಗಳ ನಡುವಿನ ದೂರ ಅಳೆಯಬಲ್ಲದು.

1900ಕ್ಕೆ ಮುಂಚಿನ ದಿನ ಎಕ್ಸೆಲ್‌ಗೆ ತಾರೀಖೇ ಅಲ್ಲ. ಟಿಪ್ಪು ಸುಲ್ತಾನ್ ಮಡಿದ 1799ರ ಮೇ 4ನ್ನು ಟೈಪ್ ಮಾಡಿದರೆ ಅದನ್ನು ಬರೀ ಅಕ್ಷರ ಅಂದುಕೊಳ್ಳುತ್ತದೆ. ಹಳೆಯ ಇತಿಹಾಸದ ಚಾರ್ಟ್ ಮಾಡುವವರು ತಾರೀಖು ಬಿಟ್ಟು ವರ್ಷವನ್ನು ಮಾಮೂಲಿ ಸಂಖ್ಯೆಯಾಗಿ ಹಾಕುವುದೇ ಸಲೀಸು.

ನಮ್ಮ ಕಡೆ ಜಾಸ್ತಿ ಕೆಡುವುದು ಇಲ್ಲಿ. ನಾವು ತಾರೀಖು ಬರೆಯುವುದು ಚುಕ್ಕಿ ಹಾಕಿ. ಶಾಲೆಯ ಕಪ್ಪು ಹಲಗೆಯಿಂದ ರಜಾ ಅರ್ಜಿಯವರೆಗೆ ಅದೇ ಅಭ್ಯಾಸ. ಎಕ್ಸೆಲ್‌ನಲ್ಲಿ 1.7 ಅಂತ ಹೊಡೆದರೆ ಅದು ಜುಲೈ 1 ಆಗುವುದಿಲ್ಲ, ಒಂದು ಪಾಯಿಂಟ್ ಏಳು ಆಗುತ್ತದೆ. ನಮ್ಮ ಐದು ಸಾಲನ್ನು ಹೀಗೆ ಹಾಕಿದರೆ 1.7, 2.7, 3.7, 13.7, 2.8. ಸ್ಕ್ಯಾಟರ್ ಅದನ್ನು ಪ್ರಾಮಾಣಿಕವಾಗಿ ಅಳೆದು ಆಗಸ್ಟ್ 2ನ್ನು ತಂದು ಜುಲೈ 2ರ ಪಕ್ಕದಲ್ಲೇ ಕೂರಿಸುತ್ತದೆ! ವರ್ಷವನ್ನೂ ಸೇರಿಸಿ ಎರಡು ಚುಕ್ಕಿ ಹಾಕಿದರೆ ಸಾಮಾನ್ಯವಾಗಿ ಅದು ಅಕ್ಷರವಾಗಿ ಉಳಿಯುತ್ತದೆ. ಕನ್ನಡದಲ್ಲಿ "ಜುಲೈ 1" ಅಂತ ಟೈಪ್ ಮಾಡಿದಾಗಲೂ ಅದೇ ಪಾಡು ಅನ್ನಿ.

ಗಂಟೆಗೂ ಇದೇ ತೊಂದರೆ ಇದೆ. 8.30 ಅಂತ ಹೊಡೆದರೆ ಎಂಟೂವರೆ ಅಲ್ಲ, 8.3. ಎರಡು ಚುಕ್ಕಿ ಒಂದರ ಮೇಲೊಂದು ಇರುವ 8:30 ಬೇಕು.

ಓರೆ ಗೆರೆ ಹಾಕಿದರೂ ಒಂದು ಅಪಾಯ ಉಂಟು. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿ ಇದ್ದರೆ ತಿಂಗಳು ಮೊದಲು, ದಿನ ಆಮೇಲೆ. ಆಗ 1/7 ಜನವರಿ 7 ಆಗುತ್ತದೆ, 2/7 ಫೆಬ್ರವರಿ 7 ಆಗುತ್ತದೆ. ವರ್ಷವನ್ನೂ ಸೇರಿಸಿ ಬರೆದ 13/7/2025 ಮಾತ್ರ ತಾರೀಖಾಗುವುದಿಲ್ಲ, ಯಾಕೆಂದರೆ ಹದಿಮೂರನೇ ತಿಂಗಳು ಇಲ್ಲ. ಅದು ಅಕ್ಷರವಾಗಿ ಸೆಲ್ಲಿನ ಎಡಕ್ಕೆ ಅಂಟಿಕೊಳ್ಳುತ್ತದೆ.

ಮತ್ತೆ ಎಕ್ಸೆಲ್‌ನ ಸ್ಕ್ಯಾಟರ್‌ಗೆ ಒಂದು ಮೊಂಡುತನ ಇದೆ. ತಾರೀಖಿನ ಕಾಲಮ್ಮಿನಲ್ಲಿ ಒಂದೇ ಒಂದು ಸೆಲ್ಲು ಅಕ್ಷರವಾಗಿದ್ದರೂ ಇಡೀ ಕಾಲಮ್ಮನ್ನೇ ಬದಿಗೆ ತಳ್ಳಿ 1, 2, 3, 4, 5 ಅಂತ ಎಣಿಸಲು ಶುರು ಮಾಡುತ್ತದೆ. ಹೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಸ್ಕ್ಯಾಟರ್ ಆರಿಸಿಯೂ ಸಮಾನ ಅಂತರದ ಚಾರ್ಟೇ ಬಂತಲ್ಲ ಅಂತ ತಲೆ ಕೆರೆದುಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ.

ಪರೀಕ್ಷೆ ಸುಲಭ. ತಾರೀಖಿನ ಕಾಲಮ್ಮನ್ನು ಪೂರ್ತಿ ಸೆಲೆಕ್ಟ್ ಮಾಡಿ, ಫಾರ್ಮ್ಯಾಟ್ ಅನ್ನು ಜನರಲ್‌ಗೆ ಬದಲಿಸಿ. ನಿಜವಾದ ತಾರೀಖುಗಳೆಲ್ಲ 45 ಸಾವಿರದ ಆಸುಪಾಸಿನ ಸಂಖ್ಯೆಯಾಗಿ ಕಾಣುತ್ತವೆ. ಯಾವುದು ಬದಲಾಗದೆ ಹಾಗೇ ಉಳಿಯಿತೋ ಅದು ಅಕ್ಷರ. ನೋಡಿಕೊಂಡು ಮತ್ತೆ ಡೇಟ್‌ಗೆ ತಿರುಗಿಸಿ.

ಅಕ್ಷರವಾಗಿ ಉಳಿದವನ್ನು ಸರಿಮಾಡಲು ಡೇಟಾ ಪಟ್ಟಿಯಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಇದೆ. ಅದರ ಮೂರನೇ ಹಂತದಲ್ಲಿ ಡೇಟ್ ಆರಿಸಿ, ದಿನ-ತಿಂಗಳು-ವರ್ಷ ಅನ್ನುವ ಡಿಎಂವೈ ಕ್ರಮ ಕೊಡಿ. ಆದರೆ ಆಗಲೇ ಜನವರಿ 7 ಆಗಿ ಕೂತಿರುವ ಜುಲೈ 1 ಇದರಿಂದ ಸರಿಹೋಗುತ್ತದೆ ಅಂತ ನಂಬಬೇಡಿ, ಅದನ್ನು ಕೈಯಾರೆ ತಿದ್ದಬೇಕು. ಹೊಸದಾಗಿ ಶುರು ಮಾಡುವವರು ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ನಡುವೆ ಅಡ್ಡಗೆರೆ ಹಾಕಿ 2025-07-13 ಥರ ಟೈಪ್ ಮಾಡಿದರೆ ಯಾವ ಸೆಟ್ಟಿಂಗ್‌ನಲ್ಲೂ ಗೊಂದಲ ಇರುವುದಿಲ್ಲ.

ಲೈನ್ ಚಾರ್ಟನ್ನೇ ಸರಿದಾರಿಗೆ ತರುವುದು

ಲೈನ್ ಚಾರ್ಟ್ ಯಾವಾಗಲೂ ತಪ್ಪು ಅಂತಲ್ಲ. ಕಾಲಮ್ಮಿನಲ್ಲಿ ನಿಜವಾದ ತಾರೀಖು ಇದ್ದರೆ ಎಕ್ಸೆಲ್ ಅದನ್ನು ಗುರುತಿಸಿ, ಲೈನ್ ಚಾರ್ಟಿನಲ್ಲೂ ದಿನಕ್ಕೆ ತಕ್ಕ ಅಂತರ ಬಿಡುತ್ತದೆ. ಬಿಟ್ಟಿಲ್ಲದಿದ್ದರೆ ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಟೆಕ್ಸ್ಟ್ ಆಕ್ಸಿಸ್, ಡೇಟ್ ಆಕ್ಸಿಸ್ ಅಂತ ಎರಡು ಆಯ್ಕೆ ಕಾಣುತ್ತವೆ. ಡೇಟ್ ಆಕ್ಸಿಸ್ ಒತ್ತಿ. ಸಾಲುಗಳು ಹಿಂದುಮುಂದಾಗಿದ್ದರೂ ಅದೇ ಜೋಡಿಸಿಕೊಳ್ಳುತ್ತದೆ, ತಿಂಗಳ ಗುರುತುಗಳೂ ಅಚ್ಚುಕಟ್ಟಾಗಿ 1ನೇ ತಾರೀಖಿಗೇ ಬೀಳುತ್ತವೆ. ದಿನಕ್ಕೊಂದು ಲೆಕ್ಕ ಇರುವ ಕಟ್ಟೆಯ ಮಟ್ಟಕ್ಕೆ ಇದೇ ಸಾಕು.

ಒಂದು ದಿನದೊಳಗೆ ಹಲವು ಸಲ ಅಳೆದಿದ್ದರೆ ಮಾತ್ರ ಇದು ನಡೆಯುವುದಿಲ್ಲ. ಡೇಟ್ ಆಕ್ಸಿಸ್‌ಗೆ ದಿನಕ್ಕಿಂತ ಚಿಕ್ಕ ಅಳತೆ ಗೊತ್ತಿಲ್ಲ. ಕಟ್ಟೆಯ ಗೇಟು ತೆಗೆದಾಗ ಶ್ರೀರಂಗಪಟ್ಟಣದಲ್ಲಿ ಹೊಳೆ ಏರುವುದನ್ನು ಬೆಳಗ್ಗೆ 6, 7, 10 ಮತ್ತು ಸಂಜೆ 5ಕ್ಕೆ ಬರೆದುಕೊಂಡಿದ್ದೀರಿ ಅನ್ನಿ. ಲೈನ್ ಚಾರ್ಟ್ ಆ ನಾಲ್ಕನ್ನೂ ಒಂದೇ ದಿನದ ಮೇಲೆ, ನೆಟ್ಟಗೆ ಒಂದೇ ಕಂಬದ ಹಾಗೆ ಪೇರಿಸುತ್ತದೆ. ಮನೆಯಲ್ಲಿ ಶುಗರ್ ನೋಡಿಕೊಳ್ಳುವವರಿಗೂ ಇದೇ ಅನುಭವ ಆಗಬಹುದು, ಖಾಲಿ ಹೊಟ್ಟೆಯದು ಒಂದು, ಊಟವಾಗಿ ಎರಡು ಗಂಟೆಗೆ ಇನ್ನೊಂದು. ಇಂಥದ್ದಕ್ಕೆ ಸ್ಕ್ಯಾಟರೇ ಬೇಕು. ತಾರೀಖು ಮತ್ತು ಗಂಟೆ ಬೇರೆ ಬೇರೆ ಕಾಲಮ್ಮಿನಲ್ಲಿದ್ದರೆ ಎರಡನ್ನೂ ಸುಮ್ನೆ ಕೂಡಿಸಿ ಹೊಸ ಕಾಲಮ್ ಮಾಡಿಕೊಳ್ಳಿ. ಎರಡೂ ಸಂಖ್ಯೆಗಳೇ ಆದ್ದರಿಂದ ಕೂಡುತ್ತವೆ.

ವರ್ಷಗಳು, ಗೊಬ್ಬರದ ಪ್ರಮಾಣ, ಬೇರೆ ಸಂಖ್ಯೆಗಳು

ಅಂತರ ತಪ್ಪುವುದು ತಾರೀಖಿನಲ್ಲಿ ಮಾತ್ರವಲ್ಲ. ಜನಗಣತಿ ಹತ್ತು ವರ್ಷಕ್ಕೊಮ್ಮೆ ಅನ್ನುವುದು ನಮಗೆ ರೂಢಿ. ಮಂಡ್ಯ ಜಿಲ್ಲೆಯ ಜನಸಂಖ್ಯೆ 1991ರಲ್ಲಿ ಸುಮಾರು 16.4 ಲಕ್ಷ, 2001ರಲ್ಲಿ 17.6 ಲಕ್ಷ, 2011ರಲ್ಲಿ 18.1 ಲಕ್ಷ. 2021ರ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ ಗೊತ್ತುಮಾಡಿರುವುದು 2027ರ ಮಾರ್ಚ್ 1. ಅಂದರೆ ಈ ಸಲದ ಹೆಜ್ಜೆ 16 ವರ್ಷದ್ದು. ಹೊಸ ಅಂಕಿ ಬಂದ ದಿನ ಅದನ್ನು ಹಳೆಯ ಲೈನ್ ಚಾರ್ಟಿನ ಕೊನೆಗೆ ಸೇರಿಸುವವರು ತುಂಬ ಜನ ಇರುತ್ತಾರೆ. 16 ವರ್ಷದ ಬದಲಾವಣೆಯನ್ನು 10 ವರ್ಷದ ಅಗಲಕ್ಕೆ ತುರುಕಿದರೆ ಕೊನೆಯ ಏರು ಇರುವುದಕ್ಕಿಂತ ಕಡಿದಾಗಿ ಕಾಣದೆ ಏನಾಗುತ್ತದೆ?

ವರ್ಷದ ಜೊತೆ ಇನ್ನೊಂದು ತಮಾಷೆಯೂ ಆಗುತ್ತದೆ. 1991, 2001 ಎಲ್ಲ ಮಾಮೂಲಿ ಸಂಖ್ಯೆಗಳಾದ್ದರಿಂದ ಲೈನ್ ಚಾರ್ಟ್ ಅದನ್ನೂ ಒಂದು ಗೆರೆಯಾಗಿ ಎಳೆದುಬಿಡುತ್ತದೆ. ಮೇಲೆ 2000ದ ಹತ್ತಿರ ವರ್ಷದ ಗೆರೆ, ತಳದಲ್ಲಿ ನೆಲಕ್ಕೆ ಅಂಟಿದ ಜನಸಂಖ್ಯೆಯ ಗೆರೆ. ಸ್ಕ್ಯಾಟರ್‌ನಲ್ಲಿ ಎಡಗಡೆಯ ಕಾಲಮ್ ತಾನಾಗಿಯೇ ಅಡ್ಡ ಅಕ್ಷಕ್ಕೆ ಹೋಗುವುದರಿಂದ ಈ ಗೋಳಿಲ್ಲ.

ಕೃಷಿ ಓದುವ ಮಕ್ಕಳ ಪ್ರಾಜೆಕ್ಟ್‌ಗಳಲ್ಲೂ ಇದು ಬರುತ್ತದೆ. ಎಕರೆಗೆ 0, 25, 50, 100, 200 ಕಿಲೋ ಗೊಬ್ಬರ ಹಾಕಿ ಇಳುವರಿ ನೋಡುತ್ತಾರೆ. ಲೈನ್ ಚಾರ್ಟಿನಲ್ಲಿ 0ಯಿಂದ 25ಕ್ಕೂ 100ರಿಂದ 200ಕ್ಕೂ ಒಂದೇ ಅಗಲ. ಗೊಬ್ಬರ ಹೆಚ್ಚಿಸಿದಂತೆ ಇಳುವರಿ ಎಲ್ಲಿ ಮಂದವಾಗುತ್ತದೆ ಅನ್ನುವುದೇ ಪ್ರಯೋಗದ ಪ್ರಶ್ನೆ, ಅದೇ ಚಾರ್ಟಿನಲ್ಲಿ ಕಾಣದೆ ಹೋಗುತ್ತದೆ.

ಮದ್ದೂರು, ಮಳವಳ್ಳಿ, ನಾಗಮಂಗಲ ಅಂತ ತಾಲ್ಲೂಕಿನ ಹೆಸರುಗಳಿದ್ದರೆ ಈ ಚರ್ಚೆಯೇ ಬೇಡ. ಹೆಸರಿನ ನಡುವೆ ದೂರ ಇಲ್ಲ, ಕಂಬದ ಚಾರ್ಟ್ ಸಾಕು.

ಬಿಟ್ಟುಹೋದ ದಿನಕ್ಕೆ ಸೊನ್ನೆ ಬೇಡ

ಕೆಲವರು ಎಲ್ಲ ದಿನಗಳನ್ನೂ ಸಾಲಾಗಿ ಬರೆದು, ಮಟ್ಟ ಗೊತ್ತಿಲ್ಲದ ಕಡೆ ಖಾಲಿ ಬಿಡುತ್ತಾರೆ. ಅಂತರ ಸರಿಯಾಗಲು ಇದೂ ಒಂದು ದಾರಿ. ಆದರೆ ಖಾಲಿ ಜಾಗದಲ್ಲಿ ಗೆರೆ ತುಂಡಾಗುತ್ತದೆ. ಸೆಲೆಕ್ಟ್ ಡೇಟಾ ಒಳಗೆ ಹಿಡನ್ ಅಂಡ್ ಎಂಪ್ಟಿ ಸೆಲ್ಸ್ ಅಂತ ಇದೆ, ಅಲ್ಲಿ ಚುಕ್ಕೆಗಳನ್ನು ಗೆರೆಯಿಂದ ಸೇರಿಸು ಅನ್ನುವ ಆಯ್ಕೆ ಕೊಟ್ಟರೆ ಕೂಡಿಕೊಳ್ಳುತ್ತದೆ. ಖಾಲಿ ಚೆನ್ನಾಗಿ ಕಾಣುವುದಿಲ್ಲ ಅಂತ 0 ತುಂಬಲು ಹೋಗಬೇಡಿ. ಗೊತ್ತಿಲ್ಲ ಅನ್ನುವುದು ಬೇರೆ, ಕಟ್ಟೆ ಬತ್ತಿದೆ ಅನ್ನುವುದು ಬೇರೆ.

ಎಕ್ಸೆಲ್ ಅಲ್ಲದಿದ್ದರೆ

ಗೂಗಲ್ ಶೀಟ್ಸ್‌ನಲ್ಲಿ ನಿಜವಾದ ತಾರೀಖು ಇದ್ದರೆ ಲೈನ್ ಚಾರ್ಟೇ ಸರಿಯಾದ ಅಂತರ ಕೊಡುತ್ತದೆ. ಕೊಡದಿದ್ದರೆ ಚಾರ್ಟ್ ಎಡಿಟರ್‌ನ ಕಸ್ಟಮೈಸ್ ಭಾಗದಲ್ಲಿ ಹಾರಿಜಾಂಟಲ್ ಆಕ್ಸಿಸ್ ತೆರೆದು, "ಟ್ರೀಟ್ ಲೇಬಲ್ಸ್ ಆ್ಯಸ್ ಟೆಕ್ಸ್ಟ್" ಅನ್ನುವುದಕ್ಕೆ ಟಿಕ್ ಬಿದ್ದಿದೆಯಾ ನೋಡಿ ತೆಗೆಯಿರಿ. ಲಿಬ್ರೆ ಆಫೀಸ್‌ನಲ್ಲಿ ಎಕ್ಸ್‌ವೈ ಸ್ಕ್ಯಾಟರ್ ಇದೆ, ಸಾಲುಗಳನ್ನು ಎಕ್ಸ್ ಪ್ರಕಾರ ಜೋಡಿಸುವ ಟಿಕ್ ಕೂಡ ಅಲ್ಲೇ ಸಿಗುತ್ತದೆ.

ಬೇರೆಯವರು ಕಳಿಸಿದ ಚಿತ್ರ ಮಾತ್ರ ಕೈಯಲ್ಲಿದ್ದರೆ ಸಾಫ್ಟ್‌ವೇರ್ ಸಹಾಯಕ್ಕೆ ಬರುವುದಿಲ್ಲ. ಆಗ ಕೆಳಗಿನ ತಾರೀಖುಗಳನ್ನು ಓದಿ. ಗುರುತುಗಳ ನಡುವೆ ಜಾಗ ಒಂದೇ ಸಮ ಇದ್ದು, ತಾರೀಖುಗಳು ಜಿಗಿಯುತ್ತಿದ್ದರೆ ಗೆರೆಯನ್ನು ಬದಿಗಿಡಿ. ಎರಡು ಚುಕ್ಕೆಗಳ ಮಟ್ಟದ ವ್ಯತ್ಯಾಸವನ್ನು ನಡುವಿನ ದಿನಗಳಿಂದ ಭಾಗಿಸಿ. ಚುಕ್ಕೆಯ ಪಕ್ಕ ಸಂಖ್ಯೆ ಬರೆದಿಲ್ಲದಿದ್ದರೆ, ಚಿತ್ರ ಕಳಿಸಿದವರ ಹತ್ತಿರ ಫೈಲನ್ನೇ ಕೇಳಿ ತರಿಸಿಕೊಳ್ಳಿ.